ಮಾವನ ಬಿಳಿ ನಾಣ್ಯವೂ ಅಜ್ಜಿಯ ಪುತಳಿಯೂ

ನಾಣ್ಯವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಟಂಕಸಾಲೆಯಲ್ಲಿ ಅಚ್ಚಾಗಿ ಬರುವ ದುಡ್ಡು ಒಂದು. ಮಾತಿನಲ್ಲಿ, ಮಾಲಿನಲ್ಲಿ, ಮನುಷ್ಯನಲ್ಲಿ ಇರಬೇಕಾದ ಸಾಚಾತನ ಇನ್ನೊಂದು. "ಮಾಲು ನಾಣ್ಯವಾಗಿದೆ" ಎಂದು ಅಂಗಡಿಕಾರನು ಹೇಳುವಾಗ, "ಆತ ನಾಣ್ಯಸ್ಥ" ಎಂದು ಊರವರು ಹೇಳುವಾಗ ನಾವು ತಿಳಿಯುವುದು ಈ ಎರಡನೆಯ ಅರ್ಥವನ್ನೇ. ನಮ್ಮ ಹಿರಿಯರು ಎರಡಕ್ಕೂ ಒಂದೇ ಮಾತನ್ನು ಬಳಸಿದ್ದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ. ದುಡ್ಡು ದುಡ್ಡಾಗುವುದು ಅದರ ಮೇಲಿನ ಚಿತ್ರದಿಂದಲ್ಲ, ಅದು ಕೈಯಿಂದ ಕೈಗೆ ಹೋಗುವಾಗ ಇಬ್ಬರೂ ಅದನ್ನು ನಂಬುವುದರಿಂದ. ಈ ಸಾಮಾನ್ಯ ಸಂಗತಿಯನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ನಾನು ಎರಡು ಸಲ ಓದಿದ್ದೆ. ಪರೀಕ್ಷೆಯಲ್ಲಿ ಒಂದು ಸಲ ಬರೆದೂ ಇದ್ದೆ. ಆದರೆ ಅದು ನಿಜವಾಗಿ ಅರ್ಥವಾದದ್ದು ಕಳೆದ ವರ್ಷದ ಮಳೆಗಾಲದಲ್ಲಿ, ಭಟ್ಕಳದಿಂದ ಕುಮಟೆಯವರೆಗೆ ಒಂದು ಬಿಳಿ ನಾಣ್ಯವನ್ನು ಹಿಡಿದುಕೊಂಡು ಅಲೆದ ದಿನ.

ನನ್ನ ಸೋದರಮಾವನ ಮನೆ ಭಟ್ಕಳದಲ್ಲಿ. ಆ ಊರಿನ ಎಷ್ಟೋ ಮನೆಗಳಂತೆ ಈ ಮನೆಯನ್ನೂ ನಡೆಸಿದ್ದು ಕೊಲ್ಲಿ ದೇಶದ ಸಂಬಳ. ಮಾವ ಹದಿನೆಂಟು ವರ್ಷ ದುಬೈಯಲ್ಲಿ ದುಡಿದು, ಈಗ ಊರಿಗೆ ಮರಳಿ ಕುಳಿತಿದ್ದಾರೆ. ಅಲ್ಲಿದ್ದಾಗ ಅವರಿಗೆ ಒಬ್ಬ ವರ್ತಕನ ಪರಿಚಯವಾಯಿತು. ಹೊರದೇಶದ ಒಂದು ಟಂಕಸಾಲೆ ಯಾವುದೋ ಉತ್ಸವದ ನೆನಪಿಗೆಂದು ಪ್ಲಾಟಿನಂ ನಾಣ್ಯವನ್ನು ಹೊರಡಿಸಿತ್ತು. ಇಷ್ಟೇ ಸಂಖ್ಯೆ, ಇದಕ್ಕಿಂತ ಹೆಚ್ಚು ಅಚ್ಚು ಹಾಕುವುದಿಲ್ಲ ಎಂಬ ಪ್ರಮಾಣಪತ್ರ. ಮಖಮಲ್ಲಿನ ಹಾಸಿನ ಮೇಲೆ ಗಾಜಿನಂಥ ಕರಡಿಗೆ. ಕರಡಿಗೆಗೊಂದು ಮರದ ಪೆಟ್ಟಿಗೆ. ಅರ್ಧ ಔನ್ಸು ತೂಕ, ಎಂದರೆ ಹದಿನೈದೂವರೆ ಗ್ರಾಮಿನ ಲೋಹ. ಬೆಲೆ ಮಾತ್ರ ಆ ಲೋಹದ ಅಂದಿನ ಪೇಟೆಧಾರಣೆಯ ಸುಮಾರು ಒಂದೂವರೆ ಪಟ್ಟು. "ಚಿನ್ನ ಎಲ್ಲರ ಮನೆಯಲ್ಲೂ ಇರುತ್ತದೆ, ಇದು ಕೆಲವರ ಮನೆಯಲ್ಲಿ ಮಾತ್ರ. ಹತ್ತು ವರ್ಷ ಬಿಟ್ಟು ಮಾರಿದರೆ ಮಗಳ ಓದು ಅದರಲ್ಲೇ ಮುಗಿಯುತ್ತದೆ" ಎಂದು ವರ್ತಕ ಹೇಳಿದನಂತೆ. ಮಾವ ಎರಡು ತಿಂಗಳ ಸಂಬಳಕ್ಕೆ ಇನ್ನಷ್ಟು ಸೇರಿಸಿ ಕೊಟ್ಟರು.

ಕಳೆದ ವರ್ಷ ಆ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾಲ್ಕು ದಿನಗಳೊಳಗೆ ಮೊದಲ ಕಂತು ಕಟ್ಟಬೇಕು. ಮಾವ ಕಪಾಟಿನಿಂದ ಮರದ ಪೆಟ್ಟಿಗೆಯನ್ನು ತೆಗೆದರು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯೆಂಬ ಒಂದೇ ಕಾರಣಕ್ಕೆ ನನ್ನನ್ನೂ ಜೊತೆಗೆ ಕರೆದರು.

ಭಟ್ಕಳದ ಪೇಟೆಯಲ್ಲಿ ಮೊದಲ ಅಂಗಡಿಯವರು ಕರಡಿಗೆಯನ್ನು ತಿರುಗಿಸಿ ನೋಡಿ, "ಚೆಂದ ಉಂಟು" ಎಂದು ಹಿಂದಕ್ಕೆ ಕೊಟ್ಟರು. ಎರಡನೆಯವರು ಬೆಳ್ಳಿಯ ಧಾರಣೆಯನ್ನು ಹೇಳಿ ನಕ್ಕರು. ಅಲ್ಲಿಂದ ಬಸ್ಸು ಹಿಡಿದು ಹೊನ್ನಾವರಕ್ಕೆ ಬಂದೆವು. ನಮ್ಮ ಮನೆಗೆ ಮೂರು ತಲೆಮಾರಿನಿಂದ ಒಡವೆ ಮಾಡಿಕೊಡುತ್ತಿರುವ ಸೊನಗಾರ ಶೇಟರು ಅಲ್ಲಿದ್ದಾರೆ. ಅವರು ಕನ್ನಡಕ ಏರಿಸಿ, ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟು, ನಾಣ್ಯವನ್ನೇ ಬಹಳ ಹೊತ್ತು ನೋಡಿದರು.

"ತಮಾ, ಚಿನ್ನ ಆದ್ರೆ ಕಲ್ಲಿಗೆ ಉಜ್ಜಿದ ಕೂಡ್ಲೆ ಹೇಳ್ತಿದ್ದೆ. ಇದು ನನ್ನ ಕಲ್ಲಿನ ಹತ್ರ ಮಾತಾಡೂದಿಲ್ಲ" ಎಂದರು.

"ಪತ್ರ ಉಂಟಲ್ಲ ಶೇಟ್ರೆ" ಎಂದರು ಮಾವ.

"ಪತ್ರ ಒರೆಗೆ ಹಚ್ಚೂಕೆ ಬರೂದಿಲ್ಲಲ್ಲ ಮಾರಾಯ್ರೆ. ನಾನು ತಕಂಡ್ರೆ ನಾಳೆ ಯಾರಿಗೆ ಕೊಡೂದು?"

ಆ ಕೊನೆಯ ಪ್ರಶ್ನೆಯಲ್ಲಿ ಇಡೀ ವಿಷಯವಿತ್ತು. ಆದರೆ ಅಂದು ಅದು ನಮಗೆ ಹಿಡಿಸಲಿಲ್ಲ. ಕುಮಟೆ ದೊಡ್ಡ ಪೇಟೆ, ಅಲ್ಲಿ ಆದೀತೆಂದು ಮತ್ತೆ ಬಸ್ಸು ಹತ್ತಿದೆವು. ಕುಮಟೆಯ ದೊಡ್ಡ ಅಂಗಡಿಯೊಂದರ ಯಜಮಾನರು ಸೌಜನ್ಯದಿಂದಲೇ ಮಾತನಾಡಿದರು. ಮುಂಬಯಿಗೋ ಬೆಂಗಳೂರಿಗೋ ಕಳಿಸಿ ಪರೀಕ್ಷೆ ಮಾಡಿಸಬೇಕು, ಹತ್ತು ಹದಿನೈದು ದಿನ ಹಿಡಿಯುತ್ತದೆ, ಬಂದರೂ ಲೋಹದ ಬೆಲೆಯಲ್ಲಿ ಕಳೆಯುವುದನ್ನು ಕಳೆದು ಉಳಿದದ್ದು ಬರುತ್ತದೆ, ಪೆಟ್ಟಿಗೆಗೂ ಪತ್ರಕ್ಕೂ ಏನೂ ಇಲ್ಲ ಎಂದರು. ಸಂಜೆಯ ಮಳೆಯಲ್ಲಿ ನಾವು ಬರಿಗೈಯಲ್ಲಿ ಭಟ್ಕಳಕ್ಕೆ ಮರಳಿದೆವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಮಾವನ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಅಜ್ಜಿ ತನ್ನ ಪುತಳಿ ಸರವನ್ನು ಬಿಚ್ಚಿ, ಹನ್ನೆರಡು ಪುತಳಿಗಳಲ್ಲಿ ಮೂರನ್ನು ದಾರದಿಂದ ಜಾರಿಸಿ ಮಾವನ ಅಂಗೈಯಲ್ಲಿಟ್ಟಳು. ಅದೇ ಶೇಟರು ಕಲ್ಲಿಗೆ ಉಜ್ಜಿ, ತೂಗಿ, ಅರ್ಧ ಗಂಟೆಯಲ್ಲಿ ಹಣ ಎಣಿಸಿದರು. ಕಂತು ಕಟ್ಟಿಯಾಯಿತು. ಪುತಳಿಗಳು ಅಂದೇ ಮೂಸೆಗೆ ಹೋದವು.

ಇದು ನಮ್ಮ ಮನೆಯ ಸಂಗತಿ. ಇದನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ಆ ಎರಡು ದಿನಗಳಲ್ಲಿ ನಾವು ಒಂದಲ್ಲ, ಎರಡು ತಪ್ಪು ಮಾಡಿದೆವು. ವಿರಳವೆಂದು ಹೇಳಿ ಮಾಡಿದ ವಸ್ತುವಿಗೆ ಹೆಚ್ಚು ಬೆಲೆ ಕೊಟ್ಟದ್ದು ಮೊದಲನೆಯ ತಪ್ಪು. ನಿಜವಾಗಿ ವಿರಳವಾಗಿದ್ದಿರಬಹುದಾದ ವಸ್ತುವನ್ನು ಕಣ್ಣೆತ್ತಿ ನೋಡದೆ ತೂಕಕ್ಕೆ ಕೊಟ್ಟು ಕರಗಿಸಿದ್ದು ಎರಡನೆಯದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಈ ಎರಡು ತಪ್ಪುಗಳೂ ನಮ್ಮ ಕರಾವಳಿಯಲ್ಲಿ ಮನೆಮನೆಯಲ್ಲೂ ನಡೆಯುತ್ತಿರಬಹುದೆಂಬ ಅಂಜಿಕೆಯಿಂದ ಈ ಲೇಖನ.

ಮೊದಲನೆಯದನ್ನು ವಿಚಾರಿಸೋಣ. ಪ್ಲಾಟಿನಂ ಕೀಳು ಲೋಹವೇನೂ ಅಲ್ಲ. ಚಿನ್ನಕ್ಕಿಂತ ಭಾರ, ಚಿನ್ನ 1,064 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿದರೆ ಇದು 1,768 ಡಿಗ್ರಿಯವರೆಗೆ ತಡೆಯುತ್ತದೆ. ನಮ್ಮ ಸೊನಗಾರರ ಮೂಸೆಗೆ ಅದು ಬಗ್ಗದಿರುವುದಕ್ಕೆ ಇದೇ ಕಾರಣ. ಆದರೆ ಅದರ ಚರಿತ್ರೆಯೇ ಒಂದು ಪಾಠ. ದಕ್ಷಿಣ ಅಮೆರಿಕದಲ್ಲಿ ಅದನ್ನು ಕಂಡ ಸ್ಪೇನಿನವರು ಕೊಟ್ಟ ಹೆಸರಿಗೆ "ಚಿಕ್ಕ ಬೆಳ್ಳಿ" ಎಂದರ್ಥ. ಆ ಹೆಸರಿನಲ್ಲಿ ಗೌರವಕ್ಕಿಂತ ಅಸಡ್ಡೆಯೇ ಹೆಚ್ಚು. 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಕಳ್ಳನಾಣ್ಯ ಮಾಡುವವರು ಪ್ಲಾಟಿನಂ ಬಿಲ್ಲೆಗೆ ಚಿನ್ನದ ಮುಲಾಮು ಕೊಟ್ಟು ಸ್ಪೇನಿನ ಚಿನ್ನದ ನಾಣ್ಯವೆಂದು ಸಾಗಿಸುತ್ತಿದ್ದರು. ಭಾರ ಸರಿಹೋಗುತ್ತಿತ್ತು, ಬೆಲೆ ಅಗ್ಗವಾಗಿತ್ತು. ಒಂದು ಕಾಲದಲ್ಲಿ ಚಿನ್ನದ ವೇಷ ಹಾಕಿ ಮೋಸ ಮಾಡಿದ ಲೋಹವೇ ಮುಂದೊಂದು ಕಾಲದಲ್ಲಿ ಚಿನ್ನಕ್ಕಿಂತ ಮೇಲೆಂದು ಮೆರೆಯಿತು.

ಒಂದು ದೊಡ್ಡ ಸಾಮ್ರಾಜ್ಯವೇ ಈ ಲೋಹವನ್ನು ನಾಣ್ಯವಾಗಿ ನಡೆಸಲು ಹೊರಟು ಸೋತದ್ದೂ ಉಂಟು. ಯುರಾಲ್ ಪರ್ವತಗಳಲ್ಲಿ ಪ್ಲಾಟಿನಂ ಹೇರಳವಾಗಿ ಸಿಕ್ಕಾಗ ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಾಸನ ಸರಕಾರ 1828ರಿಂದ ಮೂರು, ಆರು, ಹನ್ನೆರಡು ರೂಬಲಿನ ಪ್ಲಾಟಿನಂ ನಾಣ್ಯಗಳನ್ನು ಅಚ್ಚು ಹಾಕಿಸಿತು. 1845ರಲ್ಲಿ ಅದನ್ನು ನಿಲ್ಲಿಸಿ, ಪೇಟೆಯಲ್ಲಿದ್ದವನ್ನು ಹಿಂದಕ್ಕೆ ಪಡೆಯಬೇಕಾಯಿತು. ಲೋಹದ ಬೆಲೆಗೂ ಮುಖಬೆಲೆಗೂ ಹೊಂದಿಕೆ ಉಳಿಯಲಿಲ್ಲ. ಹೊರಗಿನ ಪೇಟೆಯಲ್ಲಿ ಅದಕ್ಕೆ ನೆಲೆಯಾದ ಧಾರಣೆಯೂ ಇರಲಿಲ್ಲ. ಚಕ್ರವರ್ತಿಯ ಮುದ್ರೆಯಿಂದಲೂ ಆಗದ ಕೆಲಸ ಮಾವನ ಪ್ರಮಾಣಪತ್ರದಿಂದ ಆಗುತ್ತದೆಯೇ?

ನಮ್ಮ ಕಾಲದ ಧಾರಣೆಯೂ ಇದನ್ನೇ ಹೇಳುತ್ತದೆ. 2008ರ ಮಾರ್ಚಿನಲ್ಲಿ ಔನ್ಸಿಗೆ 2,000 ಡಾಲರನ್ನು ದಾಟಿದ್ದ ಪ್ಲಾಟಿನಂ, ಅದೇ ವರ್ಷ ಮುಗಿಯುವುದರೊಳಗೆ 1,000 ಡಾಲರಿಗಿಂತ ಕೆಳಗಿಳಿಯಿತು. ಅದರ ಬಹುಭಾಗ ಹೋಗುವುದು ಮೋಟಾರು ವಾಹನಗಳ ಹೊಗೆಯನ್ನು ಶುದ್ಧಮಾಡುವ ಸಾಧನಕ್ಕೆ, ಇತರ ಕಾರಖಾನೆಗಳಿಗೆ. ಕಾರಖಾನೆ ಕೆಮ್ಮಿದರೆ ಪ್ಲಾಟಿನಂಗೆ ಜ್ವರ ಬರುತ್ತದೆ. 2015ರಿಂದ ಈಚೆಗಂತೂ ಅದು ಚಿನ್ನಕ್ಕಿಂತ ಅಗ್ಗವಾಗಿಯೇ ಇದೆ. ಭೂಮಿಯಿಂದ ವರ್ಷವರ್ಷ ತೆಗೆಯುವ ಪ್ಲಾಟಿನಂ ಚಿನ್ನಕ್ಕಿಂತ ಎಷ್ಟೋ ಕಡಿಮೆ; ಆದರೂ ಬೆಲೆ ಕಡಿಮೆ. ವಿರಳತೆಯೊಂದೇ ಬೆಲೆಯನ್ನು ಕಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಸ್ಮಾರಕ ನಾಣ್ಯದ ಲೆಕ್ಕ. ಲೋಹದ ಬೆಲೆ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. ಅಚ್ಚಿನ ಕೂಲಿ, ಪೆಟ್ಟಿಗೆ, ಪತ್ರ, ವರ್ತಕನ ಲಾಭ ಎಲ್ಲ ಸೇರಿ ಅದನ್ನು ನೂರೈವತ್ತಕ್ಕೆ ಕೊಂಡಿರೆನ್ನಿ. ಮರಳಿ ಮಾರುವಾಗ ಕೊಳ್ಳುವವನು ಲೋಹದ ಬೆಲೆಯಲ್ಲಿ ಹತ್ತು ಮುರಿದು ತೊಂಬತ್ತು ಕೊಡುತ್ತಾನೆ. ನೀವು ಕೊಟ್ಟ ಹಣವಷ್ಟೇ ಮರಳಿ ಬರಬೇಕಾದರೂ ಲೋಹದ ಧಾರಣೆ ಸುಮಾರು ಮೂರರಲ್ಲಿ ಎರಡು ಪಾಲು ಏರಬೇಕು. ಲಾಭದ ಮಾತು ಆಮೇಲಿನದು. ನಡುವಿನ ವರ್ಷಗಳ ಬಡ್ಡಿಯ ಮಾತಂತೂ ಬೇಡವೇ ಬೇಡ. ಮೂಗಿಗಿಂತ ಮೂಗುತಿ ಭಾರವಾದ ವ್ಯಾಪಾರವಿದು.

"ಮಿತಸಂಖ್ಯೆ" ಎಂಬ ಮಾತನ್ನೂ ಸ್ವಲ್ಪ ಒರೆಗೆ ಹಚ್ಚಬೇಕು. ಬ್ರಿಟಿಷರ ಕಾಲದ ಪ್ರೂಫ್ ನಾಣ್ಯಗಳನ್ನು ನಮ್ಮ ಮುಂಬಯಿ, ಕಲಕತ್ತೆಯ ಟಂಕಸಾಲೆಗಳೇ ಹಳೆಯ ಅಚ್ಚುಗಳಿಂದ ಪುನಃ ಒತ್ತಿ ಸಂಗ್ರಾಹಕರಿಗೆ ಕೊಡುತ್ತಿದ್ದ ಕಾಲವಿತ್ತು. 1970ರಲ್ಲಿ ಆ ಪದ್ಧತಿ ನಿಂತಿತು. ಸಂಖ್ಯೆಯ ಮಿತಿಯನ್ನು ಪ್ರಾಮಾಣಿಕವಾಗಿ ಪಾಲಿಸಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಇಂಥ ನಾಣ್ಯವನ್ನು ಕೊಂಡವರೆಲ್ಲ ಅದನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿಡುತ್ತಾರೆ. ಒಂದೂ ಸವೆಯುವುದಿಲ್ಲ, ಒಂದೂ ಕಳೆಯುವುದಿಲ್ಲ. ಸಾವಿರ ಹೊರಟರೆ ಐವತ್ತು ವರ್ಷಗಳ ಮೇಲೂ ಸಾವಿರವೇ. ಅಂಥ ಪ್ರತಿಯೊಬ್ಬನೂ ತನ್ನದನ್ನು ಇನ್ನೊಬ್ಬ ಕೊಳ್ಳುತ್ತಾನೆಂದು ಕಾಯುತ್ತಾನೆ. ಕೊಳ್ಳಬೇಕಾದ ಆ ಇನ್ನೊಬ್ಬನೂ ತನ್ನದನ್ನು ಮಾರಲೆಂದೇ ಕಾಯುತ್ತಿರುತ್ತಾನೆ.

ನಿಜವಾದ ವಿರಳತೆ ಯಾರೂ ಬಯಸದೆ ಬರುವಂಥದು. ಭಟ್ಕಳದವರಿಗೆ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. ಕೊಲ್ಲಿಯ ಎಷ್ಟೋ ನಾಡುಗಳಲ್ಲಿ ಒಂದು ಕಾಲದಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಅದರ ಮರೆಯಲ್ಲಿ ಚಿನ್ನದ ಕಳ್ಳಸಾಗಣೆ ನಡೆದು ದೇಶದ ವಿದೇಶೀ ವಿನಿಮಯ ಸೋರುತ್ತಿದೆಯೆಂದು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ರಿಸರ್ವ್ ಬ್ಯಾಂಕು ಹೊರಡಿಸಿತು. ಕುವೈತು 1961ರಲ್ಲಿ ತನ್ನದೇ ದಿನಾರನ್ನು ತಂದಿತು, ಬಹರೈನು 1965ರಲ್ಲಿ, 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿದ ಮೇಲೆ ಕತಾರು, ದುಬೈಗಳೂ ಅದನ್ನು ಕೈಬಿಟ್ಟವು, ಒಮಾನಿನಲ್ಲಿ 1970ರವರೆಗೆ ನಡೆಯಿತು. ನೋಟುಗಳು ಹಿಂದಕ್ಕೆ ಬಂದು ನಾಶವಾದವು. ಎಲ್ಲೋ ಕುರಾನಿನ ಪುಟದ ನಡುವೆ, ಹಳೆಯ ಟ್ರಂಕಿನ ತಳದಲ್ಲಿ ಮರೆತುಹೋದ ಕೆಲವು ಮಾತ್ರ ಉಳಿದವು. ಇಂದು ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ಅವುಗಳಿಗೆ ಪ್ರಮಾಣಪತ್ರ ಇರಲಿಲ್ಲ, ಮಖಮಲ್ಲು ಇರಲಿಲ್ಲ, ಚರಿತ್ರೆ ಇತ್ತು.

ಹಾಗೆಂದು ಹಳೆಯದೆಲ್ಲ ವಿರಳವೆಂದೂ ಅಲ್ಲ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು 1964ರಲ್ಲಿ ನೆಹರೂ ಅವರ ನೆನಪಿಗೆ ಬಂದ ಒಂದು ರೂಪಾಯಿ ಮತ್ತು ಐವತ್ತು ಪೈಸೆಯವು. ಅವು ಪೇಟೆಯಲ್ಲಿ ಧಾರಾಳವಾಗಿ ಓಡಾಡಿದವು, ಈಗಲೂ ಧಾರಾಳವಾಗಿ ಸಿಗುತ್ತವೆ. ಗಾಂಧೀಜಿಯವರ ಶತಮಾನೋತ್ಸವಕ್ಕೆ 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯಕ್ಕೆ ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಸಿಗುತ್ತದೆ. ಅದು ವಿರಳವೆಂದಲ್ಲ, ಅದರಲ್ಲಿ ಹನ್ನೆರಡು ಗ್ರಾಮು ಶುದ್ಧ ಬೆಳ್ಳಿ ಇದೆಯೆಂದು. ನಮ್ಮ ಹಾಸ್ಟೆಲಿನ ಮಿತ್ರರೊಬ್ಬರು ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಯ ನಾಣ್ಯವನ್ನು ಲಕ್ಷಕ್ಕೆ ಕೊಳ್ಳುವವರಿದ್ದಾರೆಂಬ ಜಾಹೀರಾತನ್ನು ಫೋನಿನಲ್ಲಿ ನಂಬಿ, "ನೋಂದಣಿ ಶುಲ್ಕ"ವೆಂದು ಊಟದ ಬಿಲ್ಲಿನ ಹಣವನ್ನು ಕಳುಹಿಸಿ ಕಳೆದುಕೊಂಡರು. ತನ್ನ ಹೆಸರಿನಲ್ಲಿ ಹಳೆಯ ನೋಟು, ನಾಣ್ಯಗಳ ವ್ಯಾಪಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ದುಬೈಯ ಪೆಟ್ಟಿಗೆಗೂ ಈ ಜಾಹೀರಾತಿಗೂ ಹಣದ ಪ್ರಮಾಣದಲ್ಲಿ ಅಂತರವಿದೆ, ಒಂದು ಕಾನೂನಿನೊಳಗಿನದು, ಇನ್ನೊಂದು ಹೊರಗಿನದು. ಆದರೆ ಎರಡೂ ಹಿಡಿಯುವುದು ನಮ್ಮ ಒಂದೇ ದೌರ್ಬಲ್ಯವನ್ನು: ದುಡಿಯದೆ ಬೆಳೆಯುವ ವಸ್ತುವೊಂದು ಎಲ್ಲೋ ಇದೆಯೆಂಬ ಆಸೆಯನ್ನು.

ಇಷ್ಟು ಹೇಳಿ ಈಗ ಅಜ್ಜಿಯ ಪುತಳಿಗೆ ಬರುತ್ತೇನೆ. ಪುತಳಿಯೆಂದರೆ ನಮಗೆ ಒಡವೆ. ಆದರೆ ಅದರ ಮೂಲ ಇಟಲಿಯ ವೆನಿಸ್ ನಗರದ ಡುಕಾಟ್ ಎಂಬ ಚಿನ್ನದ ನಾಣ್ಯವೆಂದು ನಮ್ಮ ಚರಿತ್ರೆಯ ಅಧ್ಯಾಪಕರು ತಿಳಿಸಿದಾಗ ನಾನು ಬೆರಗಾದೆ. 1284ರಲ್ಲಿ ಆರಂಭವಾದ ಆ ನಾಣ್ಯ, 1797ರಲ್ಲಿ ವೆನಿಸಿನ ಗಣರಾಜ್ಯ ಬೀಳುವವರೆಗೆ, ಐದು ಶತಮಾನಗಳ ಕಾಲ ಹೆಚ್ಚುಕಡಿಮೆ ಒಂದೇ ತೂಕದಲ್ಲಿ, ಒಂದೇ ಶುದ್ಧಿಯಲ್ಲಿ, ಒಂದೇ ಚಿತ್ರದಲ್ಲಿ ಹೊರಬಿತ್ತು. ಮೂರೂವರೆ ಗ್ರಾಮು, ಬಹುತೇಕ ಅಪ್ಪಟ ಚಿನ್ನ. ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ಆ ನಗರದ ಅಧಿಪತಿ. ಇನ್ನೊಂದರಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ಈ ಗೊಂಬೆಗಳನ್ನು ಕಂಡೇ ನಮ್ಮವರು ಅದನ್ನು ಪುತಳಿಯೆಂದರು. ತಮಿಳು ಸೀಮೆಯಲ್ಲಿ ಅಧಿಪತಿಯ ಕೈಯ ಧ್ವಜದಂಡವನ್ನು ತೆಂಗಿನ ಮರವೆಂದು ಭಾವಿಸಿ, ಅದನ್ನು ಮರ ಹತ್ತುವವನ ಕಾಸು ಎಂಬ ಅರ್ಥದಲ್ಲಿ ಶಾಣಾರ ಕಾಸು ಎಂದು ಕರೆದರು.

ಆ ನಾಣ್ಯ ಇಲ್ಲಿಗೆ ಬಂದದ್ದು ಮೆಣಸಿನ ಬೆನ್ನು ಹತ್ತಿ. ನಮ್ಮ ಭಟ್ಕಳ, ಹೊನ್ನಾವರಗಳು ಅಂದು ಸಣ್ಣ ಊರುಗಳಲ್ಲ. ಹೊನ್ನಾವರವನ್ನು 14ನೆಯ ಶತಮಾನದಲ್ಲಿ ಇಬ್ನ್ ಬತೂತ ಕಂಡು ಬರೆದಿದ್ದಾನೆ. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದುದನ್ನೂ ಹೊರ್ಮುಜಿನಿಂದ ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದುದನ್ನೂ ಪೋರ್ಚುಗೀಸನಾದ ಬಾರ್ಬೋಸ 16ನೆಯ ಶತಮಾನದ ಆರಂಭದಲ್ಲಿ ದಾಖಲಿಸಿದ್ದಾನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಶರಾವತಿಯ ದಂಡೆಯ ಮೆಣಸು ಹೊರಗೆ ಹೋಯಿತು; ಹೊರಗಿನ ಚಿನ್ನ ಒಳಗೆ ಬಂತು. ವಿಜಯನಗರದ ವರಹ ಸುಮಾರು 3.4 ಗ್ರಾಮು, ಡುಕಾಟ್ 3.5 ಗ್ರಾಮು. ಹೀಗೆ ತೂಕ ಹತ್ತಿರವಾಗಿದ್ದರಿಂದ ನಮ್ಮ ಕರಾವಳಿಯ ಪೇಟೆಗಳಲ್ಲಿ ಎರಡೂ ಪಕ್ಕಪಕ್ಕದಲ್ಲಿ ನಡೆದವು. ಮುಂದೆ ಕೆಳದಿಯ ಅರಸರು ಶಿವಪಾರ್ವತಿಯರ ಚಿತ್ರವಿಟ್ಟು ವರಹ ಹೊಡೆಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂದುಗಡೆ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಇಟ್ಟನು. ಜನ ನಂಬಿದ ನಾಣ್ಯದ ಮುಖವನ್ನು ಬದಲಿಸಬಾರದೆಂಬ ವಿವೇಕ ಆ ಸೈನಿಕನಿಗಿತ್ತು.

ಈಗ ಎರಡನ್ನೂ ಹೋಲಿಸಿ ನೋಡಿ. ವೆನಿಸಿನವರು ತಮ್ಮ ನಾಣ್ಯ ಮಿತಸಂಖ್ಯೆಯದೆಂದು ಎಲ್ಲೂ ಸಾರಲಿಲ್ಲ. ಬೇಕಾದಷ್ಟು ಅಚ್ಚು ಹಾಕಿದರು. ಆದರೆ ಒಂದು ಗುಲಗಂಜಿಯಷ್ಟೂ ಸೋಗು ಮಾಡಲಿಲ್ಲ. ಅದಕ್ಕೇ ಸಾವಿರಾರು ಮೈಲಿ ದೂರದ, ಆ ಲಿಪಿಯನ್ನೇ ಓದಬಾರದ ಹೊನ್ನಾವರದ ಹೆಂಗಸು ಅದನ್ನು ಕೊರಳಿಗೆ ಹಾಕಿಕೊಂಡಳು, ಮಗಳಿಗೆ ಕೊಟ್ಟಳು, ಕಷ್ಟ ಬಂದಾಗ ಅರ್ಧ ಗಂಟೆಯಲ್ಲಿ ಮಾರಿದಳು. ಮರುಮಾರಾಟಕ್ಕೆ ಬೇಕಾದದ್ದು ವಿರಳತೆಯಲ್ಲ, ಪರಿಚಯ. ಕೆಲವರಲ್ಲಿ ಮಾತ್ರ ಇರುವ ವಸ್ತುವನ್ನು ಕೊಳ್ಳುವವರೂ ಕೆಲವರೇ. ಎಲ್ಲರೂ ಬಲ್ಲ ವಸ್ತುವನ್ನು ಎಲ್ಲರೂ ಕೊಳ್ಳುತ್ತಾರೆ. "ನಾಳೆ ಯಾರಿಗೆ ಕೊಡೂದು?" ಎಂದು ಶೇಟರು ಕೇಳಿದ ಪ್ರಶ್ನೆಯ ಅರ್ಥ ಇದೇ ಆಗಿತ್ತು.

ಸಂಗ್ರಹವನ್ನೇ ನಾನು ಹಳಿಯುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಸಂಗ್ರಾಹಕರು ಇಲ್ಲದಿದ್ದರೆ ನಾಣ್ಯಶಾಸ್ತ್ರವೇ ಇರುತ್ತಿರಲಿಲ್ಲ. ಮೂಸೆಯ ಬಾಯಿಂದ ಎಷ್ಟೋ ಗದ್ಯಾಣ, ವರಹ, ಹಣ, ಕಾಸುಗಳನ್ನು ಉಳಿಸಿದವರು ಕೈಯಿಂದ ದುಡ್ಡು ಕೊಟ್ಟು ಕೊಂಡ ಹವ್ಯಾಸಿಗಳು. ಸ್ಮಾರಕ ನಾಣ್ಯವನ್ನು ಅದರ ಅಂದಕ್ಕೆ, ಅದು ನೆನೆಯುವ ಮಹನೀಯರ ಮೇಲಿನ ಗೌರವಕ್ಕೆ ಕೊಳ್ಳುವವರಿಗೆ ನನ್ನ ನಮಸ್ಕಾರ. 2006ರಲ್ಲಿ ಬಸವಣ್ಣನವರ ಹೆಸರಿನಲ್ಲಿ ಬಂದ ಐದು ರೂಪಾಯಿಯ ನಾಣ್ಯವೊಂದು ನನ್ನಲ್ಲೂ ಇದೆ. ಅದನ್ನು ಮಾರುವ ಯೋಚನೆ ನನಗಿಲ್ಲ. ನನ್ನ ಆಕ್ಷೇಪ ಸಂಗ್ರಹದ ವೇಷದಲ್ಲಿ ಬರುವ ಸಟ್ಟಾ ವ್ಯಾಪಾರದ ಮೇಲೆ, ಅದರಲ್ಲೂ ಮಕ್ಕಳ ಓದಿಗೆಂದು, ಮದುವೆಗೆಂದು ಕೂಡಿಟ್ಟ ಹಣವನ್ನು ಅದಕ್ಕೆ ಸುರಿಯಹೇಳುವವರ ಮೇಲೆ.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಇಂದು ಚಲಾವಣೆಯಲ್ಲಿರುವ ಒಂದು ರೂಪಾಯಿಯನ್ನು ಕರಗಿಸುವುದು 2011ರ ನಾಣ್ಯ ಅಧಿನಿಯಮದಂತೆ ಅಪರಾಧ. ನೆಲದಲ್ಲಿ ಹೂತ ನಿಧಿ ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯಿದೆಯಂತೆ ಸರಕಾರಕ್ಕೆ ತಿಳಿಸಬೇಕು. ನೂರು ವರ್ಷಕ್ಕೆ ಮೀರಿದ ಪುರಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ತಡೆಯುತ್ತದೆ. ಆದರೆ ಅಜ್ಜಿಯ ಕೊರಳಿನ ನಾನೂರು ವರ್ಷದ ನಾಣ್ಯ ಪಕ್ಕದ ಪೇಟೆಯ ಮೂಸೆಗೆ ಹೋಗುವುದನ್ನು ಯಾರೂ ತಡೆಯುವುದಿಲ್ಲ. ತಡೆಯಬೇಕೆಂದು ನಾನು ಹೇಳುವುದೂ ಇಲ್ಲ. ಕಷ್ಟಕಾಲಕ್ಕೆ ಮಾರುವ ಹಕ್ಕು ಆಕೆಯದು. ಅದಕ್ಕೆಂದೇ ಅದು ಕೊರಳಲ್ಲಿ ಉಳಿದದ್ದು. ಆದರೆ ಮಾರುವ ಮೊದಲು ಅದು ಏನೆಂದು ತಿಳಿಯುವ ಹಕ್ಕೂ ಆಕೆಗಿದೆ. ತಿಳಿಸುವ ಕರ್ತವ್ಯ ಓದಿದ ಮೊಮ್ಮಕ್ಕಳದು. ಅಂದು ನಾನು ಆ ಕರ್ತವ್ಯವನ್ನು ಮಾಡಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದೆ.

ಆದ್ದರಿಂದ ನನ್ನ ಸಹಪಾಠಿಗಳಲ್ಲಿ ಎರಡು ಬಿನ್ನಹ. ಮನೆಯಲ್ಲಿ ಯಾರಾದರೂ ಪೆಟ್ಟಿಗೆಯ ನಾಣ್ಯ ಕೊಳ್ಳಲು ಹೊರಟರೆ ಮೂರು ಪ್ರಶ್ನೆ ಕೇಳಿರಿ: ಪೆಟ್ಟಿಗೆ, ಪತ್ರ ಬಿಟ್ಟು ಬರಿಯ ಲೋಹದ ಬೆಲೆ ಎಷ್ಟು? ಮಾರುವವನೇ ಮರಳಿ ಕೊಳ್ಳುತ್ತಾನೆಯೇ, ಎಷ್ಟಕ್ಕೆ? ನಮ್ಮ ಊರಿನ ಸೊನಗಾರರು ಇದನ್ನು ಗುರುತಿಸಬಲ್ಲರೇ? ಮೂರಕ್ಕೂ ಸರಿಯಾದ ಉತ್ತರ ಬಾರದಿದ್ದರೆ ಆ ಹಣವನ್ನು ಅಂಚೆ ಕಚೇರಿಯಲ್ಲಿಡುವುದು ಲೇಸು.

ಎರಡನೆಯದು, ನಮ್ಮ ಕಾಲೇಜಿನ ಇತಿಹಾಸ ಸಂಘ ಒಂದು ನೋಟುಪುಸ್ತಕವನ್ನು ಇಡಲಿ. ಭಟ್ಕಳ, ಹೊನ್ನಾವರ, ಕುಮಟೆಯ ಹಳ್ಳಿಗಳಿಂದ ನಾವು ಎಷ್ಟೋ ಮಂದಿ ಇಲ್ಲಿಗೆ ಬರುತ್ತೇವೆ. ಪ್ರತಿಯೊಬ್ಬರೂ ತಮ್ಮ ಮನೆಯ ಹಳೆಯ ಪುತಳಿ, ವರಹ, ಕಾಸುಗಳನ್ನು ಎರಡೂ ಮುಖ ಕಾಣುವಂತೆ ಚಿತ್ರ ತೆಗೆದು, ತೂಕ, ಅಳತೆ ಬರೆದು, ಅದು ಮನೆಗೆ ಹೇಗೆ ಬಂತೆಂದು ಹಿರಿಯರು ಹೇಳುವುದನ್ನು ಸೇರಿಸಿ ಕೊಟ್ಟರೆ ಸಾಕು. ಕಳ್ಳರ ಭಯವಿರುವುದರಿಂದ ಮನೆಯ ಹೆಸರು ಬೇಡ, ಊರಿನ ಹೆಸರು ಸಾಕು. ಉಜ್ಜಿ ಹೊಳಪು ಮಾಡುವುದು ಬೇಡ. ಹುಣಿಸೆಹಣ್ಣಿನಿಂದ ತಿಕ್ಕಿದರೆ ಅಕ್ಷರವೂ ಹೋಗುತ್ತದೆ. ಖರ್ಚಿಲ್ಲದ ಕೆಲಸ. ನಾಣ್ಯ ನಾಳೆ ಮಾರಿ ಹೋದರೂ ಅದರ ಸಾಕ್ಷಿಯಾದರೂ ನಮ್ಮಲ್ಲಿ ಉಳಿಯುತ್ತದೆ.

ಆ ಪುಸ್ತಕದ ಮೊದಲ ಪುಟವನ್ನು ನಾನು ತುಂಬಿದ್ದೇನೆ. ಅಜ್ಜಿಯ ಸರದಲ್ಲಿ ಉಳಿದ ಒಂಬತ್ತು ಪುತಳಿಗಳನ್ನು ಚಿತ್ರ ತೆಗೆದು ಅಧ್ಯಾಪಕರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಏಳರ ಮೇಲಿನ ಅಕ್ಷರಗಳು ಅಕ್ಷರಗಳೇ ಅಲ್ಲ, ಅಕ್ಷರದಂತೆ ಕಾಣುವ ಬರಿಯ ಗೀಟುಗಳು. ಅವು ಇಲ್ಲಿಯ ಸೊನಗಾರರು ನೋಡಿ ಮಾಡಿದ ಪಡಿಯಚ್ಚುಗಳು. ಎರಡರ ಮೇಲೆ ಮಾತ್ರ ಲ್ಯಾಟಿನ್ ಅಕ್ಷರಗಳು ಸ್ಪಷ್ಟವಾಗಿದ್ದವು, ವೆನಿಸಿನ ಹೆಸರು ಓದಲು ಬರುತ್ತಿತ್ತು. "ಇವು ಕಡಲು ದಾಟಿ ಬಂದವು" ಎಂದರು.

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. ಆಕೆ ಆ ಎರಡನ್ನು ಬೆರಳಿನಿಂದ ಸವರಿ, "ಕೊಟ್ಟ ಮೂರು ಯಾವ ನಮೂನೆಯವು ಆಗಿತ್ತೋ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾವನ ಬಿಳಿ ನಾಣ್ಯ ಪಕ್ಕದ ಕಪಾಟಿನಲ್ಲಿ ತನ್ನ ಮಖಮಲ್ಲಿನ ಮೇಲೆ ಇನ್ನೂ ಸುಖವಾಗಿ ಮಲಗಿದೆ.